ಫ್ಯೂಚರಾಮಾನಾ, ರಿಕ್ ಅಂಡ್ ಮಾರ್ಟಿನಾ?

ಈ ಎರಡು ಕಾರ್ಟೂನ್ ಸೀರೀಸಲ್ಲಿ ಯಾವ್ದು ಮೊದ್ಲು ನೋಡ್ಲಿ ಅನ್ನೋರಿಗೆ ನನ್ನ ಓಟು ಫ್ಯೂಚರಾಮಾಗೇ. 1999ರಲ್ಲಿ ಶುರುವಾಗಿದ್ದು, ಪಿಜ್ಜಾ ಡೆಲಿವರಿ ಹುಡುಗ ಫ್ರೈ ಫ್ರೀಜ್ ಆಗಿ ಸಾವಿರ ವರ್ಷ ಆದ್ಮೇಲೆ ಏಳ್ತಾನೆ, ಕುಡುಕ ರೋಬೋ ಬೆಂಡರ್ ಜೊತೆ ಸೇರ್ಕೊಂಡು ಮತ್ತೆ ಅದೇ ಡೆಲಿವರಿ ಕೆಲ್ಸ, ನಗಿಸ್ತಾ ನಗಿಸ್ತಾನೇ ಫ್ರೈನ ನಾಯಿ ಸೀಮೋರ್ ಎಪಿಸೋಡಲ್ಲಿ ಕರುಳು ಹಿಂಡಿಬಿಡುತ್ತೆ. ಸೈನ್ಸೂ ಸುಮ್ನೆ ಅಲ್ಲ ಮಾರಾಯ್ರೆ, ದೇಹ ಅದಲುಬದಲಾಗೋ ಎಪಿಸೋಡಿಗೆ ಅಂತ ಗಣಿತದಲ್ಲಿ ಪಿಎಚ್‌ಡಿ ಮಾಡಿರೋ ರೈಟರ್ ಕೆನ್ ಕೀಲರ್ ಒಂದು ಪ್ರಮೇಯಾನೇ ಸಾಧಿಸಿದಾರೆ, ಪ್ರೂಫು ಬೋರ್ಡ್ ಮೇಲೆ ಕಾಣುತ್ತೆ, ಪಾಸ್ ಮಾಡಿ ನೋಡಿ.

2013ರ ರಿಕ್ ಅಂಡ್ ಮಾರ್ಟಿದು ಸ್ಪೀಡು ಜಾಸ್ತಿ, ಐಡಿಯಾಗಳು ಒಂದಕ್ಕಿಂತ ಒಂದು ತಿಕ್ಕಲು, ಆದ್ರೆ ಬೈಗುಳ ರಕ್ತ ಎರಡೂ ಧಾರಾಳ, ಮನೇಲಿ ಎಲ್ರೂ ಕೂತಿರೋವಾಗ ಹಾಕ್ಬೇಡಿ. ಮಾರ್ಟಿಯ ತಾತ ರಿಕ್‌ನ ಕಹಿ ಮಾತು ಹಿಡಿಸೋರಿಗೆ ಅದೇ ಸರಿ, ನಂಗಂತೂ ಎರಡು ಎಪಿಸೋಡ್ ಆದ್ಮೇಲೆ ಸುಸ್ತು.