ಲಕ್ವ ಹೊಡೆದರೆ: 108ಕ್ಕೆ ಕಾಯುವುದೋ, ಮನೆ ಜೀಪು ತೆಗೆಯುವುದೋ?

ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಇದ್ದಾರೆ, ಯಾವುದು ಸರಿ ಎಂದು ಕೇಳಿದ್ದೀರಿ.

ಎಲ್ಲಕ್ಕಿಂತ ಮುಖ್ಯ ಸಮಯ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಅದೂ ಸಿ.ಟಿ. ಸ್ಕ್ಯಾನ್ ಆದಮೇಲೆ. ನಮ್ಮ ಅತ್ತೆಯ ಕೈಯಿಂದ ಕಾಫಿ ಲೋಟ ಜಾರಿತು, ಬಾಯಿ ಒಂದು ಬದಿಗೆ ವಾಲಿತ್ತು. ಆಯಾಸ ಇರಬೇಕೆಂದು ಮಲಗಿಸಿ ಒಂದು ಗಂಟೆ ಕಳೆದುಬಿಟ್ಟೆವು. ಆ ಗಂಟೆ ಇಂದಿಗೂ ಚುಚ್ಚುತ್ತದೆ.

ಮಡಿಕೇರಿ, ಕುಶಾಲನಗರದಂಥ ಪೇಟೆಯ ಹತ್ತಿರವಿದ್ದರೆ 108 ಮೇಲು. ಆಂಬುಲೆನ್ಸ್ ಇಳಿಯದ ಕೆಸರು ದಾರಿಯಾದರೆ ಕರೆ ಮಾಡಿ, ಜೀಪಿನಲ್ಲಿ ಹೊರಟು ಮುಖ್ಯರಸ್ತೆಯಲ್ಲಿ ಸೇರಿಕೊಳ್ಳಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ಮಳೆಗಾಲದಲ್ಲಿ ಮರ ಬಿದ್ದರೆ ಲೆಕ್ಕವೇ ಬೇರೆ. ಹಾಗಾಗಿ ಹತ್ತಿರದಲ್ಲಿ ಸ್ಕ್ಯಾನ್ ಎಲ್ಲಿದೆಯೆಂದು ಈಗಲೇ ವಿಚಾರಿಸಿಡಿ.

ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ ಆಕ್ಸಿಜನ್ ಇರುವ ಆಂಬುಲೆನ್ಸೇ ಬೇಕು. ಜೀಪೇ ಗತಿಯಾದರೆ ಮಗ್ಗುಲಿಗೆ ಮಲಗಿಸಿ. ಯಾವುದರಲ್ಲಿ ಹೋದರೂ ನೀರು, ಕಾಫಿ, ಮಾತ್ರೆ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು.

ಖರ್ಚು? 108 ಉಚಿತ.

ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.