ನ್ಯಾಷನಲ್ ಪಾರ್ಕ್ ಟ್ರಾವೆಲರ್ಸ್ ಕ್ಲಬ್: ಪಾರ್ಕ್ ಸುತ್ತುವವರು ಸೇರಲೇಬೇಕಾದ ಬಳಗ

ಅಮೆರಿಕದಲ್ಲಿರುವ ನಮ್ಮವರು ರಜೆ ಬಂದರೆ ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್, ಯೊಸೆಮಿಟಿ ಅಂತ ಹೊರಡುತ್ತಾರೆ. ಹೋಗಲೇಬೇಕಾದ ಜಾಗಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ದೇಶದ ನ್ಯಾಷನಲ್ ಪಾರ್ಕ್ ಸರ್ವಿಸ್ ಅನ್ನುವ ಸರ್ಕಾರಿ ಇಲಾಖೆ ನೋಡಿಕೊಳ್ಳುವ ಜಾಗಗಳು 430ಕ್ಕೂ ಜಾಸ್ತಿ ಇವೆ. ಅವುಗಳಲ್ಲಿ ಹೆಸರಿನಲ್ಲೇ 'ನ್ಯಾಷನಲ್ ಪಾರ್ಕ್' ಅಂತ ಇರುವುದು 63 ಮಾತ್ರ. ಮಿಕ್ಕಿದ್ದು ಕೋಟೆ, ಯುದ್ಧಭೂಮಿ, ಕಡಲತೀರ, ಹಳೆ ಕಾರ್ಖಾನೆ, ಯಾರೋ ಹುಟ್ಟಿದ ಮನೆ. ಆ ಮಿಕ್ಕಿದ್ದನ್ನು ನನಗೆ ತೋರಿಸಿದ್ದು ನ್ಯಾಷನಲ್ ಪಾರ್ಕ್ ಟ್ರಾವೆಲರ್ಸ್ ಕ್ಲಬ್. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಲಬ್ ಶುರುವಾಗಿದ್ದು 2004ರಲ್ಲಿ. ನಡೆಸುವವರೆಲ್ಲ ಸ್ವಯಂಸೇವಕರು. ಇದರ ಬೇರು ಒಂದು ಪುಟ್ಟ ನೀಲಿ ಪುಸ್ತಕದಲ್ಲಿದೆ. 1986ರಿಂದ ಇಲ್ಲಿ 'ಪಾಸ್‌ಪೋರ್ಟ್ ಟು ಯುವರ್ ನ್ಯಾಷನಲ್ ಪಾರ್ಕ್ಸ್' ಅಂತ ಒಂದು ಪುಸ್ತಕ ಮಾರುತ್ತಾರೆ. ದೇಶವನ್ನು ಒಂಬತ್ತು ವಲಯ ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟಿದ್ದಾರೆ. ಯಾವುದೇ ಪಾರ್ಕಿನ ವಿಸಿಟರ್ ಸೆಂಟರ್‌ಗೆ ಹೋದರೆ ಮೇಜಿನ ಮೇಲೆ ಒಂದು ಸೀಲ್ ಇರುತ್ತದೆ. ಪಾರ್ಕಿನ ಹೆಸರು ಮೇಲೆ, ಊರಿನ ಹೆಸರು ಕೆಳಗೆ, ನಡುವೆ ಅವತ್ತಿನ ತಾರೀಖು. ನಾವೇ ಒತ್ತಿಕೊಳ್ಳಬೇಕು. ದುಡ್ಡು ಕೊಡಬೇಕಿಲ್ಲ. ಹೀಗೆ ಸೀಲ್ ಕೂಡಿಸುತ್ತಾ ಪಾರ್ಕ್ ಸುತ್ತುವವರ ಬಳಗವೇ ಈ ಕ್ಲಬ್.

ಕೇಳಿದರೆ ಮಕ್ಕಳ ಆಟ ಅನ್ನಿಸಬಹುದು. ಒಮ್ಮೆ ಕೈಗೆ ಪುಸ್ತಕ ಬಂದರೆ ಗೊತ್ತಾಗುತ್ತದೆ, ಒಂದು ಪಾರ್ಕಿಗೆ ಒಂದೇ ಸೀಲ್ ಅಲ್ಲ. ಬ್ಲೂ ರಿಡ್ಜ್ ಪಾರ್ಕ್‌ವೇ 469 ಮೈಲಿ ಉದ್ದದ ರಸ್ತೆ, ಅದರ ಉದ್ದಕ್ಕೂ ಬೇರೆ ಬೇರೆ ಕಡೆ ಬೇರೆ ಬೇರೆ ಸೀಲ್. ಕೆಲವು ಸೀಲ್ ಊರಿನ ಲೈಬ್ರರಿಯಲ್ಲಿ, ಕೆಲವು ಸ್ಟೇಟ್ ಪಾರ್ಕಿನ ಕಚೇರಿಯಲ್ಲಿ ಇರುತ್ತವೆ. ಕೇಳದೇ ಇದ್ದರೆ ಯಾರೂ ತೆಗೆದು ಕೊಡುವುದಿಲ್ಲ. ಇಲ್ಲೇ ಕ್ಲಬ್‌ನ ಬೆಲೆ ತಿಳಿಯುವುದು. ಅವರ 'ಮಾಸ್ಟರ್ ಲಿಸ್ಟ್'ನಲ್ಲಿ ಯಾವ ಸೀಲ್ ಎಲ್ಲಿದೆ, ಅದರ ಮೇಲೆ ಏನು ಬರೆದಿದೆ ಎಲ್ಲ ಇದೆ. ಸದಸ್ಯರು ಹೋಗಿ ನೋಡಿ ಬಂದು ತಿಳಿಸುತ್ತಾರೆ, ಪಟ್ಟಿ ಸರಿಹೋಗುತ್ತಾ ಹೋಗುತ್ತದೆ. ಇಷ್ಟು ಶ್ರದ್ಧೆಯಿಂದ ಬೆಳೆಸಿದ ಇನ್ನೊಂದು ಪ್ರವಾಸದ ಪಟ್ಟಿಯನ್ನು ನಾನು ನೋಡಿಲ್ಲ.

ನಾನು ಹಾಸನದವಳು, ಈಗ ಇರುವುದು ನ್ಯೂಜೆರ್ಸಿಯ ಪಾರ್ಸಿಪ್ಪನಿಯಲ್ಲಿ. ನ್ಯೂಜೆರ್ಸಿ ಅಂದರೆ ಹೆದ್ದಾರಿ, ಮಾಲು, ನಮ್ಮ ದಿನಸಿ ಸಿಗುವ ಪಟೇಲ್ ಬ್ರದರ್ಸ್ ಅಂಗಡಿ ಅಷ್ಟೇ ಅಂದುಕೊಂಡವರೇ ನಮ್ಮಲ್ಲಿ ಜಾಸ್ತಿ. ಪಟ್ಟಿ ತೆಗೆದು ನಮ್ಮ ರಾಜ್ಯದ ಪುಟ ನೋಡಿದೆ. ನಮ್ಮ ಮನೆಯ ಮಗ್ಗುಲಲ್ಲೇ ಮಾರಿಸ್‌ಟೌನ್! ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1779-80ರ ಚಳಿಗಾಲದಲ್ಲಿ ಜಾರ್ಜ್ ವಾಷಿಂಗ್ಟನ್‌ನ ಸೈನ್ಯ ಬೀಡು ಬಿಟ್ಟಿದ್ದ ಜಾಗ. ಆ ಕಾಲದ ಅತಿ ಕೆಟ್ಟ ಚಳಿ ಅದು. ಸೈನಿಕರು ಜಾಕಿ ಹಾಲೊದಲ್ಲಿ ಕಾಡು ಕಡಿದು ಗುಡಿಸಲು ಕಟ್ಟಿಕೊಂಡರು. ಅಂಥ ಗುಡಿಸಲುಗಳನ್ನು ಈಗ ಮಾದರಿಗೆ ಮತ್ತೆ ಕಟ್ಟಿ ಇಟ್ಟಿದ್ದಾರೆ. ಒಳಗೆ ಬಗ್ಗಿ ಹೋಗಿ, ಆ ಮರದ ಅಟ್ಟಣೆಗಳನ್ನು ನೋಡಬೇಕು. 1933ರಲ್ಲಿ ದೇಶದ ಮೊದಲ 'ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್' ಆಗಿದ್ದು ಇದೇ.

ಆಮೇಲೆ ವೆಸ್ಟ್ ಆರೆಂಜ್‌ನಲ್ಲಿ ಎಡಿಸನ್‌ನ ಪ್ರಯೋಗಾಲಯ. ಪ್ಯಾಟರ್ಸನ್‌ನಲ್ಲಿ 77 ಅಡಿ ಎತ್ತರದ ಜಲಪಾತ, ಊರಿನ ನಟ್ಟನಡುವೆ. ಆ ನೀರಿನ ಬಲದಿಂದ ಕಾರ್ಖಾನೆ ನಡೆಸಬಹುದು ಅಂತ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಯೋಚಿಸಿದ್ದರಿಂದಲೇ ಆ ಊರು ಹುಟ್ಟಿತು. ಸ್ಯಾಂಡಿ ಹುಕ್‌ನಲ್ಲಿ 1764ರ ದೀಪಸ್ತಂಭ ಇವತ್ತಿಗೂ ಉರಿಯುತ್ತಿದೆ. ಊರಿಂದ ಬಂದಿದ್ದ ಅಪ್ಪನಿಗೆ ಪ್ಯಾಟರ್ಸನ್ ತುಂಬಾ ಹಿಡಿಸಿತು. ಶಿವನಸಮುದ್ರದ ಕರೆಂಟಿನ ಕಥೆ ಹೇಳುತ್ತಾ ರೇಂಜರ್ ಜೊತೆ ಮಾತಿಗೆ ನಿಂತರು. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು ಅಂದಾಗ ಆ ರೇಂಜರ್ ನೋಟ್‌ಪ್ಯಾಡ್ ತೆಗೆದು ಬರೆದುಕೊಂಡರು. ದೊಡ್ಡ ಪಾರ್ಕುಗಳಲ್ಲಿ ರೇಂಜರ್‌ಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಸಣ್ಣ ಜಾಗಗಳ ಸುಖವೇ ಅದು.

ದೂರದ ಪ್ರವಾಸಕ್ಕೂ ಪಟ್ಟಿ ಹೀಗೇ ದಾರಿ ಬದಲಿಸುತ್ತದೆ. ಅಟ್ಲಾಂಟಾಕ್ಕೆ ಮದುವೆಗೆ ಹೋದವರು ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಬೀದಿಗೆ ಹೋದೆವು. ವಿಸಿಟರ್ ಸೆಂಟರ್ ಹತ್ತಿರ ಗಾಂಧೀಜಿಯ ಪ್ರತಿಮೆ ಇದೆ. ಅದನ್ನು ನೋಡಿದ ನನ್ನ ಮಗಳು ಅಲ್ಲೇ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಮಧ್ಯಾಹ್ನ ಕಳೆಯಿತು.

ಇನ್ನು ಜನರ ವಿಷಯ. ವರ್ಷಕ್ಕೊಂದು ಸಮಾವೇಶ ನಡೆಯುತ್ತದೆ, ಪ್ರತಿ ಸಲ ಬೇರೆ ಕಡೆ. ಸದಸ್ಯರು ಮಾತಾಡುವುದನ್ನು ಕೇಳಬೇಕು. ಮನೆ, ಕೆಲಸ, ಸಂಬಳದ ಸುದ್ದಿ ಕಡಿಮೆ. ಫ್ಲೋರಿಡಾದ ದ್ವೀಪಗಳ ಪಾರ್ಕ್ ಡ್ರೈ ಟೊರ್ಟುಗಾಸ್‌ಗೆ ದೋಣಿಯಲ್ಲಿ ಹೋಗಬೇಕೋ ಪುಟ್ಟ ವಿಮಾನದಲ್ಲೋ? ಅದು ಕೀ ವೆಸ್ಟ್‌ನಿಂದ ಸುಮಾರು 70 ಮೈಲಿ ಸಮುದ್ರದಾಚೆ ಇದೆ, ರಸ್ತೆ ಇಲ್ಲ. ಅಲಾಸ್ಕಾದ ಗೇಟ್ಸ್ ಆಫ್ ದಿ ಆರ್ಕ್ಟಿಕ್‌ಗೂ ರಸ್ತೆ ಇಲ್ಲ. ಅದರ ಸೀಲ್ ಮಾತ್ರ ಪಾರ್ಕಿನ ಹೊರಗೆ, ಹೆದ್ದಾರಿ ಪಕ್ಕದ ಕೋಲ್ಡ್‌ಫುಟ್‌ನಲ್ಲೂ ಸಿಗುತ್ತದೆ. ಹಾಗಾದರೆ ಅಲ್ಲಿ ಸೀಲ್ ಒತ್ತಿಕೊಂಡವರು ಪಾರ್ಕ್ ನೋಡಿದ ಹಾಗಾಯಿತಾ? ಈ ಒಂದು ಪ್ರಶ್ನೆ ಎತ್ತಿದರೆ ಸಾಕು, ಊಟದ ಮೇಜಿನಲ್ಲಿ ಎರಡು ಪಕ್ಷ ಆಗುತ್ತವೆ. ನನ್ನ ಮಾತು ಸ್ಪಷ್ಟ: ನೆಲದ ಮೇಲೆ ಕಾಲಿಡದೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಈ ಹವ್ಯಾಸದಲ್ಲಿ ನನಗೆ ಹಿಡಿಸದ ಒಂದು ಸಂಗತಿಯೂ ಇದೆ. ಕೆಲವರಿಗೆ ಸಂಖ್ಯೆಯೇ ಮುಖ್ಯವಾಗಿಬಿಡುತ್ತದೆ. ಕಾರು ನಿಲ್ಲಿಸು, ಓಡು, ಒತ್ತು, ಮುಂದಿನದಕ್ಕೆ ಹೊರಡು. ಮಕ್ಕಳನ್ನು ಕರೆದುಕೊಂಡು ಹೋಗುವವರು ಹೀಗೆ ಮಾಡಲೇಬಾರದು. ಅವರಿಗೆ ಜೂನಿಯರ್ ರೇಂಜರ್ ಪುಸ್ತಕ ಇಸಿದುಕೊಡಿ. ಅದರ ಚಟುವಟಿಕೆ ಮುಗಿಸಿದ ಮಕ್ಕಳಿಗೆ ರೇಂಜರ್ ಪ್ರಮಾಣವಚನ ಹೇಳಿಸಿ ಬ್ಯಾಡ್ಜ್ ಕೊಡುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಬ್ಯಾಡ್ಜ್, ಆಮೇಲೆ ಸೀಲ್ ಅನ್ನುವ ನಿಯಮ ಇದೆ.

ಕರ್ನಾಟಕದಲ್ಲೂ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಅಂತ ಐದು ರಾಷ್ಟ್ರೀಯ ಉದ್ಯಾನಗಳಿವೆ. ನಮ್ಮಲ್ಲಿ ಹೆಚ್ಚಿನವರು ಸಫಾರಿ ಜೀಪ್‌ನಲ್ಲಿ ಹುಲಿ ಕಂಡಿತಾ ಇಲ್ಲವಾ ಅಂತ ಕೇಳಿ ವಾಪಸ್ ಬರುತ್ತೇವೆ. ಐದೂ ಕಾಡಿನ ಒಂದು ಪುಸ್ತಕ, ಗೇಟ್‌ನಲ್ಲಿ ಒಂದೊಂದು ಸೀಲ್, ಹುಲಿಯ ಆಚೆಗೂ ಮಾತಾಡುವ ಇಂಥದೊಂದು ಬಳಗ ಅಲ್ಲೂ ಇದ್ದರೆ ಎಷ್ಟು ಚೆನ್ನ, ಅಲ್ವಾ?

ಸೇರುವವರು ಒಂದು ವಿಷಯ ತಿಳಿದಿರಿ. ಬಸ್ಸು, ಹೋಟೆಲ್ಲು ಎಲ್ಲ ಕೂಡಿಸಿ ಕರೆದುಕೊಂಡು ಹೋಗುವ ಟೂರ್ ಕಂಪನಿ ಇದಲ್ಲ. ನಿಮ್ಮ ಕಾರು, ನಿಮ್ಮ ಯೋಜನೆ, ದಾರಿ ಹೇಳಲು ಅವರು. ಚಂದಾ ಮನೆಮಂದಿಯೆಲ್ಲ ಒಂದು ಹೊತ್ತು ಹೊರಗೆ ಉಂಡರೆ ಆಗುವ ಖರ್ಚಿಗಿಂತ ಕಡಿಮೆ. ಮೊದಲು ಪಾಸ್‌ಪೋರ್ಟ್ ಪುಸ್ತಕ ತೆಗೆದುಕೊಳ್ಳಿ. ಸಣ್ಣ ಪಾರ್ಕುಗಳಿಗೆ ಹೊರಡುವ ಮುಂಚೆ ಫೋನ್ ಮಾಡಿ, ಹಲವು ಕಡೆ ವಾರದಲ್ಲಿ ಕೆಲವೇ ದಿನ ಬಾಗಿಲು ತೆರೆದಿರುತ್ತದೆ. ಸೀಲನ್ನು ಮೊದಲು ರದ್ದಿ ಕಾಗದದ ಮೇಲೆ ಒತ್ತಿ ತಾರೀಖು ಸರಿಯಿದೆಯಾ ನೋಡಿ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ, ಪಾರ್ಕ್ ಪಕ್ಕದ ಸಣ್ಣ ಊರುಗಳಲ್ಲಿ ಸಿಗುವುದು ಹೆಚ್ಚಾಗಿ ಫ್ರೈಸ್ ಮಾತ್ರ. ಮೊದಲ ಸೀಲನ್ನು ನಿಮ್ಮ ಮನೆಗೆ ಅತಿ ಹತ್ತಿರದ ಜಾಗದಲ್ಲೇ ಒತ್ತಿಸಿಕೊಳ್ಳಿ.