ಶಿಕ್ಷೆಯ ಆದೇಶಕ್ಕೆ ಉಚಿತ ಅನುವಾದ ಆಪ್: ಎಷ್ಟು ನಂಬಬಹುದು?

ಇಂಗ್ಲಿಷ್ ತೀರ್ಪಿನ ಫೋಟೊ ತೆಗೆದು ಮೊಬೈಲ್‌ನ ಉಚಿತ ಅನುವಾದ ಆಪ್‌ಗೆ ಕೊಟ್ಟರೆ ದಿನಾಂಕ, ಕಲಂ, ದಂಡದ ಮೊತ್ತ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ. ಕೆಡುವುದು ಕೊನೆಯ ಪುಟದ ಶಿಕ್ಷೆಯ ಆದೇಶ. 'ಸೆಂಟೆನ್ಸ್' ಎಂದರೆ ವಾಕ್ಯವೂ ಹೌದು, ಶಿಕ್ಷೆಯೂ ಹೌದು. ಸಂದರ್ಭ ಸಿಗದಿದ್ದರೆ ಯಂತ್ರ 'ವಾಕ್ಯ' ಎಂದು ಬರೆದುಬಿಡುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಪರವಾಗಿಲ್ಲ.

ನಿಜವಾದ ಅಪಾಯ 'ಕನ್‌ಕರೆಂಟ್', 'ಕನ್ಸೆಕ್ಯುಟಿವ್' ಪದಗಳಲ್ಲಿದೆ. 3 ವರ್ಷ ಮತ್ತು 2 ವರ್ಷದ ಸಜೆ ಏಕಕಾಲದಲ್ಲಿ (ಕನ್‌ಕರೆಂಟ್) ಜಾರಿಯಾದರೆ ಒಟ್ಟು 3 ವರ್ಷ. ಒಂದಾದ ಮೇಲೊಂದು (ಕನ್ಸೆಕ್ಯುಟಿವ್) ಎಂದರೆ 5. ಅನುವಾದದಲ್ಲಿ 'ಸತತ', 'ಒಟ್ಟಾಗಿ' ಎಂದು ಕಂಡರೆ ಮೂಲ ನೋಡದೆ ಮುಂದೆ ಹೋಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಕಲಂ ಪ್ರಕಾರ, ಒಂದೇ ವಿಚಾರಣೆಯ ಹಲವು ಶಿಕ್ಷೆಗಳು ಹೇಗೆ ಜಾರಿಯಾಗಬೇಕೆಂದು ನ್ಯಾಯಾಲಯವೇ ಹೇಳಬೇಕು. ಆ ಸಾಲನ್ನು ಹುಡುಕಿ. ದಂಡ ಕಟ್ಟದಿದ್ದರೆ ಅನುಭವಿಸುವ ಸಜೆ ಇದಕ್ಕೆ ಹೆಚ್ಚುವರಿ.

ತಪ್ಪಿಗೆ ಕಾರಣ ವಾಕ್ಯರಚನೆ. ಇಂಗ್ಲಿಷ್ ಆದೇಶ ಹಲವು ಕಲಂಗಳನ್ನು ಒಂದೇ ಉದ್ದ ವಾಕ್ಯದಲ್ಲಿ ಪೋಣಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಯಾವ ಸಜೆ ಯಾವ ಕಲಂನದ್ದು ಎಂಬ ಕೊಂಡಿಯೇ ಕಳಚುತ್ತದೆ. ಒಂದು ಕಲಂಗೆ ಒಂದು ಸಾಲಿನಂತೆ ಒಡೆದು ಹಾಕಿದರೆ ಫಲಿತಾಂಶ ಎಷ್ಟೋ ವಾಸಿ.

ಸಾರಾಂಶ ತಿಳಿಯಲು ಆಪ್ ಸಾಕು, ಮೇಲ್ಮನವಿಗೆ ಖಂಡಿತ ಸಾಲದು. ಅದೇ ಸಂಹಿತೆಯ 404ನೇ ಕಲಂ ಅಡಿ, ಸಾಧ್ಯವಿದ್ದಲ್ಲಿ ತನ್ನ ಭಾಷೆಯಲ್ಲೇ ತೀರ್ಪಿನ ಅನುವಾದವನ್ನು ಆರೋಪಿ ಕೇಳಬಹುದು. ಮೇಲ್ಮನವಿಗೆ ಅವಕಾಶವಿರುವ ಪ್ರಕರಣದಲ್ಲಿ ಅದು ಉಚಿತ.